ಕರಿಜಾಲಿಯ ತುಂಡಿನ ಜೊತೆಗೊಂದು ಪತ್ರ

ಪ್ರೀತಿಯ ಮಗಳೇ,

ಪಾರ್ಸೆಲ್ ಬಿಚ್ಚಿದ ಕೂಡಲೇ ತುಂಡಿನ ಎರಡೂ ತುದಿಗೆ ಮೇಣ ಮೆತ್ತಿರೋದು ಕಾಣುತ್ತೆ. ಕೊಳಕು ಅಂದುಕೊಂಡು ಕೆರೆದು ತೆಗೀಬೇಡ. ಮರ ಬೇಗ ಒಣಗೋದು ತುದಿಗಳಲ್ಲೇ. ಒಳಗಿನ್ನೂ ಹಸಿ ಇರುವಾಗ ತುದಿ ಒಣಗಿ ಬಿಗಿದುಕೊಂಡರೆ ಸೀಳು ಬಿಡುತ್ತೆ. ಕೆಲಸಕ್ಕೆ ಕೂತ ದಿನ ತುದಿ ಕತ್ತರಿಸಿ ಹಾಕು, ಸಾಕು.

ನಿನ್ನ ಕೊಡತಿಯ ತಲೆ ಮತ್ತೆ ಸೀಳಿದ ಫೋಟೋ ನೋಡಿ ನಗು ಬಂತು, ಬೇಜಾರಾಗಬೇಡ. ಅದು ಸಿಲ್ವರ್ ಓಕ್ ಕಣೇ, ಪೆಟ್ಟಿಗೆ ಹೊಡೆಯೋ ಮರ. ಅದಕ್ಕೆ ಉಳಿಯ ಮೇಲೆ ಕುಟ್ಟೋ ಕೆಲಸ ಕೊಟ್ಟರೆ ಅದೇನು ಮಾಡೀತು? ಅದಕ್ಕೇ ಈ ಕರಿಜಾಲಿ ಕಳಿಸಿದ್ದು.

ಜಾಲಿ ಅಂದಕೂಡಲೇ ರಸ್ತೆ ಬದಿಯ ಬಳ್ಳಾರಿ ಜಾಲಿ ನೆನಪಾಗುತ್ತೆ ನಿಮಗೆಲ್ಲ. ಅದು ಅಮೆರಿಕ ಖಂಡದಿಂದ ಬಂದದ್ದು, ನಮ್ಮದಲ್ಲ. ಕರಿಜಾಲಿ ಈ ಎರೆ ನೆಲದ್ದೇ. ಹೂವು ನೋಡಿದರೆ ಗೊತ್ತಾಗುತ್ತೆ: ಇದಕ್ಕೆ ಹಳದಿ ಉಣ್ಣೆ ಉಂಡೆ ಮಾಡಿಟ್ಟ ಹಾಗಿನ ಹೂವು, ಬಳ್ಳಾರಿ ಜಾಲಿಗೆ ಉದ್ದನೆ ತೆನೆ. ಕಾಯಿಯೂ ಬೇರೆ. ಕರಿಜಾಲಿಯದು ಬೀಜಬೀಜದ ನಡುವೆ ಸೊಂಟ ಬಿಗಿದುಕೊಂಡು ಮಣಿಸರದ ಹಾಗೆ ಇರುತ್ತೆ. ನಿನ್ನ ಪುಸ್ತಕದಲ್ಲಿ ಇದನ್ನು ಅಕೇಶಿಯ ಅಂತ ಬರೆದಿದ್ದರೆ ಅದು ಹಳೇ ಹೆಸರು. 2005ರಲ್ಲಿ ಸಸ್ಯಶಾಸ್ತ್ರದವರು ಆ ಹೆಸರನ್ನು ಆಸ್ಟ್ರೇಲಿಯದ ಮರಗಳಿಗೆ ಬಿಟ್ಟುಕೊಟ್ಟರು, ನಮ್ಮದು ವಾಚೆಲಿಯ ಆಯ್ತು. ಮರಕ್ಕೇನೂ ಗೊತ್ತಿಲ್ಲ ಬಿಡು.

ತೂಕ ನೋಡು. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಇದು ಸುಮಾರು 800. ಬಕೆಟ್ಟಿನಲ್ಲಿ ಹಾಕಿದರೆ ತೇಲುತ್ತೆ, ಆದರೆ ಐದರಲ್ಲಿ ನಾಲ್ಕು ಪಾಲು ನೀರೊಳಗೆ. ಗಟ್ಟಿತನದಲ್ಲಂತೂ ತೇಗ ಇದರ ಹತ್ತಿರ ಬರೋಲ್ಲ, ಪೆಟ್ಟು ತಡೆಯೋದರಲ್ಲೂ ಅಷ್ಟೇ. ಆದರೆ ಈ ಮಾತೆಲ್ಲ ಚೇಗಿಗೆ, ಅಂದರೆ ಒಳಗಿನ ಕೆಂಪು ಮರಕ್ಕೆ ಮಾತ್ರ. ಹೊರಗಿನ ಬಿಳಿ ಮರವನ್ನು ನಂಬಬೇಡ. ನಾನೊಮ್ಮೆ ಗುದ್ದಲಿ ಕಾವು ಮಾಡುವಾಗ ಒಂದು ಮಗ್ಗುಲಿಗೆ ಬಿಳಿ ಉಳಿಸಿಕೊಂಡೆ, ದಪ್ಪ ಬರಲಿ ಅನ್ನೋ ಆಸೆಗೆ. ಮಳೆಗಾಲ ಕಳೆದ ಮೇಲೆ ಮೂಲೆಯಲ್ಲಿ ಒರಗಿಸಿಟ್ಟ ಕಾವಿನ ಬುಡದಲ್ಲಿ ಹಿಟ್ಟು ಜರಡಿ ಹಿಡಿದ ಹಾಗೆ ಪುಡಿ ಬಿದ್ದಿತ್ತು. ಉಗುರು ಒತ್ತಿದರೆ ಬಿಳಿ ಪಟ್ಟಿ ಹಪ್ಪಳದ ಹಾಗೆ ಒಳಗೆ ಕುಸಿಯಿತು. ಅದೇ ಗೆರೆಯಲ್ಲಿ ಚೇಗು ಶುರುವಾಗುವಲ್ಲಿ ಹುಳು ನಿಂತೇಬಿಟ್ಟಿದೆ, ಒಂದು ತೂತೂ ಇಲ್ಲ. ಆಮೇಲೆ ನಾನು ಕಡಿದ ದಿಮ್ಮಿಯನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಡದೆ ಕೊಯ್ದದ್ದೇ ಇಲ್ಲ. ಮರದ ರಸ ನೀರಿಗಿಳಿದರೆ ಹುಳುವಿಗೆ ರುಚಿ ಹತ್ತೋಲ್ಲ.

ನಿನಗೆ ಬುದ್ಧಿ ಬರುವ ಹೊತ್ತಿಗೆ ಗಾಡಿಗೆಲ್ಲ ರಬ್ಬರ್ ಟೈರು ಬಂದಿತ್ತು, ಮರದ ಗಾಲಿ ಮಾಡೋದನ್ನು ನೀನು ನೋಡಿಲ್ಲ. ಗಾಲಿಯ ನಡುವಿನ ಗುಂಬ, ಅದರಿಂದ ಹೊರಗೆ ಚಾಚಿದ ಅರೆಕಾಲು, ಸುತ್ತಿನ ಬಾಗಿದ ತುಂಡುಗಳು, ಎಲ್ಲವೂ ಕರಿಜಾಲಿಯೇ. ಅರೆಕಾಲು ಮಾತ್ರ ಚೆನ್ನಾಗಿ ಒಣಗಿರಬೇಕು. ಹಸಿ ಇದ್ದುದನ್ನು ಬಡಿದರೆ ಬೇಸಗೆಗೆ ಅದು ಸೊರಗಿ ಗುಂಬದ ತೂತಿನಲ್ಲಿ ಕಟಕಟ ಅನ್ನುತ್ತೆ. ಕೊನೆಗೆ ಹಳಿ ಏರಿಸೋದು. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಬಳೆ ಮಾಡಿ, ಸುತ್ತ ಕುಳ್ಳು ಪೇರಿಸಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸೋದು. ಮರ ಹೊಗೆಯಾಡುತ್ತೆ, ಬೆಂಕಿ ಹತ್ತುವ ಮೊದಲೇ ನೀರು ಸುರೀಬೇಕು. ಕಬ್ಬಿಣ ಕುಗ್ಗುತ್ತ ಒಂದೊಂದು ಕೀಲನ್ನೂ ಒಳಗೆ ಒತ್ತುವ ಸದ್ದು ಕೇಳಿಸುತ್ತೆ. ಆ ಒತ್ತಡಕ್ಕೆ ಮೆದು ಮರ ಆಗಿದ್ದರೆ ಹಿಂಡಿಹೋಗುತ್ತಿತ್ತು. ನೊಗಕ್ಕೆ ಮಾತ್ರ ನಾನು ಜಾಲಿ ಹಾಕಿದವನಲ್ಲ. ಎತ್ತಿನ ಹೆಗಲ ಮೇಲೆ ಅಷ್ಟು ಭಾರ ಯಾಕೆ?

ಉಳಿದಂತೆ ನೇಗಿಲು, ಗಾಣ, ಡೇರೆಯ ಗೂಟ. ತೊಗಟೆ ತೊಗಲು ಹದ ಮಾಡೋಕೆ, ಕೊಂಬೆ ಇದ್ದಿಲಿಗೆ. ಮನೆಯೊಳಗಿನ ನಯವಾದ ಮೇಜು ಕುರ್ಚಿಗೆ ಇದನ್ನು ಆರಿಸಬೇಡ ಅಂತಲೇ ನನ್ನ ಮಾತು. ಮರದ ನೂಲು, ಅಂದರೆ ಎಳೆ, ಒರಟು, ಅಲ್ಲಲ್ಲಿ ತಿರುಚಿಕೊಂಡಿರುತ್ತೆ, ಕೀಸುಳಿ ಹಾಕಿದರೆ ಚಕ್ಕೆ ಎಬ್ಬಿಸುತ್ತೆ.

ಈಗ ನಿನ್ನ ಕೊಡತಿ. ತುಂಡು ಆರಿಸುವಾಗ ಮರದ ನಡುಗಣ್ಣು ಬಿಟ್ಟು ಕೊಯ್ದಿದ್ದೀನಿ, ಸೀಳು ಶುರುವಾಗೋದು ಅಲ್ಲಿಂದಲೇ. ತಲೆ ಆರು ಇಂಚು ಉದ್ದ ಇರಲಿ. ನೂಲು ಉದ್ದಕ್ಕೆ ಓಡುವ ಹಾಗೆ ಇಟ್ಟುಕೋ, ಉಳಿಗೆ ತಾಗೋದು ಅಡ್ಡ ಕೊಯ್ದ ಮುಖ ಆಗಬೇಕು. ಕಾವಿನ ತೂತನ್ನು ಮೊದಲು ಬೈರಿಗೆಯಲ್ಲಿ ಕೊರೆದು, ಆಮೇಲೆ ಉಳಿಯಲ್ಲಿ ಚೌಕ ಮಾಡು. ಒಂದೇ ಏಟಿಗೆ ದಪ್ಪ ಚಕ್ಕೆ ತೆಗೆಯೋಕೆ ಹೋದರೆ ಉಳಿಯ ಬಾಯಿ ಮುರಿಯುತ್ತೆ. ತೆಳ್ಳಗೆ ತೆಗಿ, ಹತ್ತು ನಿಮಿಷಕ್ಕೊಮ್ಮೆ ಉಳಿ ಮಸೆ. ತೂತು ಮೇಲ್ಗಡೆ ಸ್ವಲ್ಪ ಅಗಲ, ಕೆಳಗೆ ಬಿಗಿ ಇರಲಿ, ಕಾವನ್ನೂ ಅದೇ ಇಳಿಜಾರಿಗೆ ಕೆತ್ತಿ ಮೇಲಿನಿಂದ ಇಳಿಸು. ಹಾಗೆ ಮಾಡಿದರೆ ಬೀಸಿದಷ್ಟೂ ತಲೆ ಕಾವಿಗೆ ಬಿಗಿಯುತ್ತೆ, ಮೊಳೆ ಬೇಡ. ಮೊಳೆ ಹೊಡೆಯೋಕೆ ನೋಡಿದರೂ ಇದರಲ್ಲಿ ಮೊಳೆಯೇ ಬಾಗೋದು.

ಹೊಸದಾಗಿ ಕೊಯ್ದ ಮುಖ ನಸುಗೆಂಪಾಗಿ ಕಾಣುತ್ತೆ, ದಿನ ಕಳೆದ ಹಾಗೆ ಕಂದು ತಿರುಗುತ್ತೆ. ಬಣ್ಣ ಗಿಣ್ಣ ಬಳೀಬೇಡ. ಎಣ್ಣೆ ಒರೆಸಿಡು. ಇಳಿಜಾರು ಕೆತ್ತುವ ದಿನ ಬೇಕಾದರೆ ಫೋನ್ ಹಿಡಿದು ತೋರಿಸು, ನಾನು ಕೂತು ನೋಡ್ತೀನಿ. ಹಳೇ ಸಿಲ್ವರ್ ಓಕಿನ ಚೂರು ಎಸೀಬೇಡ, ಒಲೆ ಹಚ್ಚೋಕಾಗುತ್ತೆ.

ನಿನ್ನ
ಅಪ್ಪ