ಅರ್ಧ ಕೆಲಸ ತೋರಿಸಲಿ, ಆದರೆ ಸರಿಯಾಗಿ ಕೇಳಲಿ

ಮಾನ್ಯ ಸಂಪಾದಕರೇ,

ಪೂರ್ತಿಯಾಗದ ಕಲಾಕೃತಿಗಳನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳುವ ಪ್ರದರ್ಶನಗಳ ಬಗ್ಗೆ ಓದುಗರೊಬ್ಬರ ಪತ್ರ ನಿಮ್ಮಲ್ಲಿ ಪ್ರಕಟವಾಗಿತ್ತು. ಕೆಲಸ ಮುಗಿಸಲಾಗದವರು ಹೂಡುವ ನೆಪ ಇದು ಎಂದು ಅವರು ಜಾಡಿಸಿದ್ದಾರೆ. ಬರೀ ಚಿತ್ರಪಟದ ಮಾತಾಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಚಲಿಸುವ, ಸದ್ದು ಮಾಡುವ ಕೃತಿಗಳ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಮೋಟಾರ್ ರಿವೈಂಡಿಂಗ್ ಮಾಡುತ್ತಲೇ ತಲೆ ನರೆತವನು ನಾನು, ಕಲೆಯ ಬಗ್ಗೆ ಓದಿಕೊಂಡದ್ದು ಕಡಿಮೆ. ಕಲಾವಿದರು ಸುಟ್ಟ ಮೋಟಾರ್ ಹಿಡಿದು ನನ್ನಲ್ಲಿಗೆ ಬರತೊಡಗಿದ ಮೇಲೆ ಇಂಥ ಪ್ರದರ್ಶನಗಳಿಗೆ ಹೋಗುವ ಚಟ ಹತ್ತಿದೆ.

ಈ ಜಾತಿಯ ಕೃತಿಯನ್ನು ಒಬ್ಬರೇ ಬಾಗಿಲು ಹಾಕಿಕೊಂಡು ಕೂತು ಮುಗಿಸಲು ಬರುವುದಿಲ್ಲ. 200 ಹರ್ಟ್ಸ್‌ನ ಒಂದೇ ಸಮನಾದ ನಾದವನ್ನು ಖಾಲಿ ಕೋಣೆಯಲ್ಲಿ ಹಚ್ಚಿಡಿ. ಗೋಡೆಗೆ ಬಡಿದು ತಿರುಗಿದ ಅಲೆ, ಹೊರಟ ಅಲೆಯೊಂದಿಗೆ ಬೆರೆತು ಒಂದು ಕಡೆ ದನಿ ಏರುತ್ತದೆ, ಇನ್ನೊಂದು ಕಡೆ ಅಡಗಿಬಿಡುತ್ತದೆ. ಏರಿದ ಜಾಗಕ್ಕೂ ಅಡಗಿದ ಜಾಗಕ್ಕೂ ಇರುವ ಅಂತರ ಸುಮಾರು 43 ಸೆಂಟಿಮೀಟರ್ ಅಷ್ಟೆ. ನಿಂತವರಿಗೆ ಕೇಳಿದ್ದು ಕೂತವರಿಗೆ ಕೇಳದೆ ಹೋಗಬಹುದು, ಅಪ್ಪನ ಕಿವಿಗೆ ಬಿದ್ದದ್ದೇ ಬೇರೆ, ಪಕ್ಕದಲ್ಲಿರುವ ಮಗಳ ಕಿವಿಗೆ ಬಿದ್ದದ್ದೇ ಬೇರೆ. ಮೇಲಾಗಿ ಜನ ತುಂಬಿದರೆ ಅವರ ಮೈ, ಬಟ್ಟೆ ಸದ್ದನ್ನು ಹೀರಿ ಕೋಣೆಯ ಗುಂಗನ್ನೇ ಇಳಿಸುತ್ತವೆ. ಖಾಲಿ ಕೋಣೆಯಲ್ಲಿ ಕೂಡಿಸಿದ ಲೆಕ್ಕ ಅಲ್ಲಿಗೆ ತಪ್ಪಿತು. ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯೆ 1977ರಲ್ಲಿ ಉದ್ದನೆಯ ತಂತಿ ಎಳೆದು ಕಟ್ಟಿ, ಅಯಸ್ಕಾಂತದ ನೆರವಿನಿಂದ ಅದನ್ನು ನುಡಿಸಿದರಲ್ಲ, ಅಲ್ಲಿ ಗಾಳಿ ಸುಳಿದರೂ ಹತ್ತಿರ ಯಾರಾದರೂ ನಡೆದರೂ ನಾದ ಬದಲಾಗುತ್ತಿತ್ತು.

ನಾನು ಕಂಡದ್ದನ್ನು ಹೇಳುತ್ತೇನೆ. ಕಬ್ಬಿಣದ ಚೌಕಟ್ಟಿಗೆ ತೆಳುವಾದ ಉಕ್ಕಿನ ಪಟ್ಟಿಗಳನ್ನು ತೂಗುಹಾಕಿ, ಕ್ಯಾಮ್ (ಒಂದು ಕಡೆ ಉಬ್ಬಿರುವ ಚಕ್ರ) ತಿರುಗಿದಂತೆ ಸಣ್ಣ ಸುತ್ತಿಗೆಗಳು ಎದ್ದು ಬಿದ್ದು ಬಡಿಯುವಂತೆ ಮಾಡಿದ್ದರು. ಕಲಾವಿದೆ ಮುಂದುಗಡೆ ಸಾಲಾಗಿ ಕುರ್ಚಿ ಹಾಕಿಸಿದ್ದರು. ಯಾರೂ ಕೂರಲಿಲ್ಲ. ಒಬ್ಬೊಬ್ಬರೇ ಹಿಂದಕ್ಕೆ ಹೋಗಿ ಕ್ಯಾಮ್ ನೋಡುತ್ತ ನಿಂತರು. ಸುತ್ತಿಗೆ ಕ್ಯಾಮ್‌ನ ತುದಿಗೇರಿ, ಇನ್ನೇನು ಬಿದ್ದೇಬಿಟ್ಟಿತು ಅನ್ನುವಾಗ ಚೂರು ತಡೆಯುತ್ತಿತ್ತು. ಆ ತಡೆಗೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಹಿಂಬದಿ ಮುಚ್ಚಲೆಂದು ಕತ್ತರಿಸಿ ತಂದಿದ್ದ ಪ್ಲೈವುಡ್ಡನ್ನು ಕಲಾವಿದೆ ಹಾಗೇ ಗೋಡೆಗೆ ಒರಗಿಸಿಟ್ಟರು. ಬಾಯಿಬಿಟ್ಟು ಯಾರೂ ಏನೂ ಹೇಳಿರಲಿಲ್ಲ, ಅವರ ಕಾಲುಗಳೇ ಹೇಳಿದ್ದವು.

ಅಲ್ಲೇ ಇನ್ನೊಂದು ನಡೆಯಿತು. ಮೋಟಾರನ್ನು ನೇರ ಚೌಕಟ್ಟಿಗೇ ಬೋಲ್ಟ್ ಮಾಡಿದ್ದರಿಂದ ಗೇರ್‌ಬಾಕ್ಸ್‌ನ ಗುಂಯ್ ಸದ್ದು ಪಟ್ಟಿಗಳಿಗೆಲ್ಲ ಹರಡುತ್ತಿತ್ತು. ಕೆಳಗೆ ರಬ್ಬರ್ ವಾಷರ್ ಕೊಡಿ ಎಂದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, 'ಬೇಡಪ್ಪಾ, ಅದು ತಂಬೂರಿಯ ಹಾಗೆ ಹಿಂದೆ ನಿಂತಿದೆ, ಅದಿಲ್ಲದಿದ್ದರೆ ಬರೀ ಬಡಿತ ಉಳಿಯುತ್ತೆ' ಎಂದರು. ನನಗೆ ಮೆಕ್ಯಾನಿಕಲ್ ದೋಷ, ಅವರಿಗೆ ಶ್ರುತಿ! ಕಲಾವಿದೆ ಎರಡನ್ನೂ ಬರೆದುಕೊಂಡರು.

ಹಾಗಂತ ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದಲ್ಲ. ಇನ್ನೊಂದು ಕಡೆ ಯಂತ್ರವನ್ನು ಐದೇ ನಿಮಿಷ ಓಡಿಸಿ ಸ್ವಿಚ್ ಆರಿಸಿ, ಮೈಕ್ ಹಿಡಿದು 'ಹೇಗಿತ್ತು?' ಎಂದು ಕೇಳಿದರು. ಮೈಕ್ ಮುಂದೆ ಬಂದರೆ ಯಾರಾದರೂ ಅನ್ನುವುದು 'ಚೆನ್ನಾಗಿತ್ತು' ಅಂತಲೇ. ಒಬ್ಬ ಹುಡುಗ ಧೈರ್ಯ ಮಾಡಿ 'ಬೇಜಾರಾಯಿತು' ಎಂದದ್ದಕ್ಕೆ ಕಲಾವಿದರು ಅವನಿಗೆ ಉಪನ್ಯಾಸವನ್ನೇ ಕೊಟ್ಟರು. ಆಮೇಲೆ ಯಾರು ಬಾಯಿ ತೆರೆಯುತ್ತಾರೆ? ಇನ್ನು ಆ ಐದು ನಿಮಿಷದ ಓಟ: ಚಕ್ರವನ್ನು ಶಾಫ್ಟಿಗೆ ಬಿಗಿದಿಡುವ ಗ್ರಬ್ ಸ್ಕ್ರೂ ಸಡಿಲವಾಗುವುದು, ಶಾಫ್ಟ್ ತಿರುಗುವ ಬುಶ್ ಬಿಸಿಯಾಗುವುದು, ಬೆಲ್ಟ್ ಹಿಗ್ಗಿ ತಾಳ ಕೆಡುವುದು ಎಲ್ಲ ಯಂತ್ರ ಗಂಟೆಗಟ್ಟಲೆ ಓಡಿದ ಮೇಲೆ. ಅದೇ ಕಾಣದಿದ್ದರೆ ಅಪೂರ್ಣ ಕೃತಿ ತೋರಿಸಿ ಏನು ಬಂತು?

ನೆದರ್ಲೆಂಡ್ಸ್‌ನ ಥಿಯೋ ಯಾನ್ಸೆನ್ ಅವರನ್ನು ನೋಡಿ. ಪ್ಲಾಸ್ಟಿಕ್ ಪೈಪುಗಳಿಂದ ಗಾಳಿಗೆ ನಡೆಯುವ ದೊಡ್ಡ 'ಪ್ರಾಣಿ'ಗಳನ್ನು 1990ರಿಂದ ಕಟ್ಟುತ್ತಿದ್ದಾರೆ. ಪರೀಕ್ಷೆ ನಡೆಯುವುದು ಕಡಲ ದಂಡೆಯಲ್ಲೇ, ಎಲ್ಲರ ಕಣ್ಣೆದುರು. ಮರಳು ಕೀಲಿಗೆ ಸೇರಲಿ, ಮುಗ್ಗರಿಸಿ ಬೀಳಲಿ, ಮುಚ್ಚುಮರೆ ಇಲ್ಲ. ಕಾಲ ಮುಗಿದ ಪ್ರಾಣಿಯನ್ನು ಪಳೆಯುಳಿಕೆ ಎಂದು ಕರೆದು ಮುಂದಿನದನ್ನು ಕಟ್ಟಲು ಕೂರುತ್ತಾರೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಪದ್ಧತಿಯಲ್ಲಿ ನೋಡುಗರು ಮೊದಲು ತಮ್ಮ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು. ಆಮೇಲೆ ಕಲಾವಿದರು ತಮಗೆ ಬೇಕಾದ ಪ್ರಶ್ನೆ ಕೇಳುತ್ತಾರೆ. ಬಳಿಕ ನೋಡುಗರ ಸರದಿ, ಆದರೆ ಪ್ರಶ್ನೆಯೊಳಗೆ ತೀರ್ಪು ಅಡಗಿಸಿಡುವಂತಿಲ್ಲ. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ನನ್ನಂಥವರು ಹೋದ ಕೂಡಲೇ ವಾಷರ್ ಹಾಕಿ ಎನ್ನುವುದಕ್ಕೂ ಇದು ಕಡಿವಾಣ.

ಆ ಪತ್ರದಲ್ಲಿ ಒಂದು ಮಾತು ಮಾತ್ರ ಒಪ್ಪತಕ್ಕದ್ದು: ಇಂಥ ಪ್ರದರ್ಶನಕ್ಕೆ ಟಿಕೆಟ್ ಇಡಬಾರದು. ಪತ್ರಿಕೆಯೂ ಇವುಗಳ ಮೇಲೆ ಮುಗಿದ ಕೃತಿಗೆ ಬರೆಯುವಂಥ ವಿಮರ್ಶೆ ಬರೆಸದಿರಲಿ. ಅದರ ಬದಲು ಕಾರ್ಯಕ್ರಮಗಳ ಪಟ್ಟಿಯಲ್ಲಿ 'ಕೆಲಸ ಇನ್ನೂ ನಡೆದಿದೆ' ಎಂದು ಸೇರಿಸಿ, ಯಂತ್ರ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಓಡುತ್ತದೆ ಎಂಬುದನ್ನೂ ಹಾಕಿದರೆ ನಾವು ಬಿಡುವು ಮಾಡಿಕೊಂಡು ಹೋಗುತ್ತೇವೆ.

ಇತಿ,
ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಓದುಗ