ದಾರಿ ಹತ್ತಡಿಯೋ, ಹನ್ನೆರಡಡಿಯೋ

ಡಿಸೆಂಬರ್ ರಜೆಗೆ ಊರಿಗೆ ಹೊರಡುವವರ ಸೂಟ್‌ಕೇಸಿನಲ್ಲಿ ಮಕ್ಕಳ ಬಟ್ಟೆ, ಚಾಕಲೇಟುಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲೂ ಇರುತ್ತದೆ. ಪಹಣಿಯ ಪ್ರತಿ, ಅಜ್ಜನ ಕಾಲದ ವಿಭಾಗ ಪತ್ರದ ಜೆರಾಕ್ಸ್, ಎದುರು ಕಡೆಯ ವಕೀಲರ ನೋಟಿಸು. ಹೊರದೇಶದ ನಮ್ಮ ಕೂಟದಲ್ಲಿ ಕೊಡಗಿನವರು ಕಡಿಮೆಯಿಲ್ಲ. ಅವರ ಫೈಲುಗಳೊಳಗಿನ ತಕರಾರು ಹೆಚ್ಚುಕಮ್ಮಿ ನಾಲ್ಕೇ ಬಗೆ: ತೋಟಕ್ಕೆ ಹೋಗುವ ದಾರಿ, ಕೆರೆಯ ನೀರು, ಬೇಲಿ ಮೇಲಿನ ಮರ, ಪಾಲಾಗದ ಆಸ್ತಿಯ ಕಾಫಿ ಲೆಕ್ಕ. ನಾಲ್ಕೂ ಅಣ್ಣತಮ್ಮಂದಿರ, ದಾಯಾದಿಗಳ ನಡುವಿನವು. ತೀರ್ಪು ಯಾರ ಪರ ಬಂದರೂ ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ಎದುರುಬದುರಾಗಲೇಬೇಕು. ಅದಕ್ಕೇ ಈ ಸಂಚಿಕೆಯಲ್ಲಿ ಮಧ್ಯಸ್ಥಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕೊಡಗಿಗೆ ಇದು ಹೊಸದಲ್ಲ. ಒಕ್ಕದೊಳಗಿನ, ಅಂದರೆ ಒಂದೇ ಮನೆತನದೊಳಗಿನ, ಮಾತಿಗೆ ಅದರ ಹಿರಿಯ ಪಟ್ಟೆದಾರ, ಊರಿನ ಮಾತಿಗೆ ಊರಿನ ಮುಖ್ಯಸ್ಥ ಊರುತಕ್ಕ, ಅದರಾಚೆಗೆ ಹಲವು ಊರುಗಳ ನಾಡಿನ ಮುಖ್ಯಸ್ಥ ನಾಡುತಕ್ಕ. ಊರವರು ಸೇರುವ ಅಂಬಲದಲ್ಲಿ ಕೂತು ಮಾತಾಡಿ ಮುಗಿಸುವ ರೂಢಿ ನ್ಯಾಯಾಲಯಗಳಿಗಿಂತ ಹಳೆಯದು. ಆದರೆ ಅದನ್ನೂ ಇಂದಿನ ಮಧ್ಯಸ್ಥಿಕೆಯನ್ನೂ ಒಂದೇ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಹಿರಿಯರ ಪಂಚಾಯ್ತಿ ಕೊನೆಗೆ ‘ಹೀಗೆ ಮಾಡಿ’ ಎನ್ನುತ್ತದೆ. ಮಧ್ಯಸ್ಥ ಹಾಗೆನ್ನುವಂತಿಲ್ಲ. ಅವನಿಗೆ ತೀರ್ಪು ಕೊಡುವ, ದಂಡ ಹಾಕುವ, ಯಾರನ್ನಾದರೂ ದೂರವಿಡುವ ಅಧಿಕಾರ ಇಲ್ಲ. ಒಪ್ಪದಿದ್ದರೆ ಎದ್ದು ಹೋಗುವ ಹಕ್ಕು ಎರಡೂ ಕಡೆಗೆ ಕೊನೆಯ ಗಳಿಗೆಯವರೆಗೂ ಇರುತ್ತದೆ. ಹಿರಿಯರ ಮುಖ ನೋಡಿ ‘ಆಯ್ತು’ ಎಂದವರು ಆರು ತಿಂಗಳಿಗೆ ಗೇಟಿಗೆ ಬೀಗ ಹಾಕುವುದು ಈ ವ್ಯತ್ಯಾಸ ಮರೆತದ್ದರಿಂದಲೇ.

ಕಾನೂನಿನ ವಿಷಯ ಬೇಗ ಮುಗಿಸೋಣ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ 43 ಮತ್ತು 44ನೇ ಕಲಂಗಳಿವೆ. ಒಂದು ಪ್ರದೇಶದ ನಿವಾಸಿಗಳ, ಕುಟುಂಬಗಳ ನೆಮ್ಮದಿ ಕೆಡಿಸಬಹುದಾದ ವಿವಾದವಿದ್ದು, ಎರಡೂ ಕಡೆ ಮೊದಲೇ ಒಪ್ಪಿದ್ದರೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ಮೂವರು ಮಧ್ಯಸ್ಥರನ್ನು ನೇಮಿಸುತ್ತದೆ. ಗಮನಿಸಬೇಕಾದ್ದು ಎರಡು. 2023ರ ಅಕ್ಟೋಬರ್ 9ರಂದು ಕಾಯ್ದೆಯ ಕೆಲವು ಕಲಂಗಳಷ್ಟೇ ಜಾರಿಯಾದವು, ಆ ಪಟ್ಟಿಯಲ್ಲಿ ಇವೆರಡು ಇರಲಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ. ಎರಡನೆಯದು, ಹೀಗೆ ಆದ ಸಮುದಾಯ ಒಪ್ಪಂದ ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ (ತೀರ್ಪಿನ ಆದೇಶದಂತೆ) ಜಾರಿಯಾಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಹಾಗಾದರೆ ಅದಕ್ಕೆ ಬಲ ಎಲ್ಲಿಂದ? ನಮ್ಮ ಸಲಹೆ ಲೋಕ ಅದಾಲತ್. ಮೊದಲು ಕೂತು ಮಾತಾಡಿ ಒಪ್ಪಂದಕ್ಕೆ ಬನ್ನಿ. ಆಮೇಲೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ, ದಾವೆ ಹೂಡುವ ಮುನ್ನವೇ, ಆ ವಿಷಯವನ್ನು ಲೋಕ ಅದಾಲತ್ ಮುಂದಿಡಲು ಅರ್ಜಿ ಕೊಡಿ. ಅಲ್ಲಿ ಆದ ಅವಾರ್ಡಿಗೆ, ಅಂದರೆ ರಾಜಿಯ ಆದೇಶಕ್ಕೆ, 21ನೇ ಕಲಂ ಪ್ರಕಾರ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಕೇಸು ಆಗಲೇ ನಡೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಅಡಿ ಮಧ್ಯಸ್ಥಿಕೆಗೆ ಕಳಿಸಿ ಎಂದು ನ್ಯಾಯಾಲಯವನ್ನೇ ಕೇಳಬಹುದು.

ಇನ್ನು ಕೂರುವ ವಿಚಾರ. ಜಾಗ ಯಾರ ಐನ್‌ಮನೆಯೂ (ಒಕ್ಕದ ಮೂಲಮನೆ) ಆಗಬಾರದು. ಅಲ್ಲಿ ಒಬ್ಬರು ಯಜಮಾನರು, ಇನ್ನೊಬ್ಬರು ನೆಂಟರು. ಮಾತು ಶುರುವಾಗುವ ಮೊದಲೇ ತಕ್ಕಡಿ ವಾಲಿರುತ್ತದೆ. ಶಾಲೆಯ ಕೊಠಡಿಯೋ ಸಹಕಾರ ಸಂಘದ ಸಭಾಂಗಣವೋ ಸಾಕು, ಬಾಗಿಲು ಮುಚ್ಚುವಂತಿರಬೇಕು. ಊರವರನ್ನು ಸೇರಿಸಬೇಡಿ, ನೋಡುವವರು ಹೆಚ್ಚಿದಷ್ಟೂ ಮಾತಿನಿಂದ ಹಿಂದೆ ಸರಿಯುವುದು ಮಾನದ ಪ್ರಶ್ನೆಯಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೂತು ಊಟಕ್ಕೆ ಏಳಿ. ಸಂಜೆಯ ಬೈಠಕ್ಕು ಬೇಡ. ಕೊಡಗಿನಲ್ಲಿ ಸಂಜೆಯ ಮಾತಿಗೆ ಗ್ಲಾಸು ತಾನಾಗಿ ಬಂದು ಸೇರುತ್ತದೆ, ಆ ಹೊತ್ತಿನಲ್ಲಿ ಆದ ರಾಜಿಗೆ ಬೆಳಗಿನ ಆಯುಸ್ಸಿಲ್ಲ.

ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೂ ಹದಿನೈದು ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ. ಮಧ್ಯಸ್ಥರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿ ‘ನೀವು ಹೇಳಿದ್ದು ಇದೇ ತಾನೇ?’ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಮಾತಾಡುತ್ತಾರೆ; ಅಲ್ಲಿ ಆಡಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನಿಜವಾದ ಕೆಲಸ ಆಗುವುದು ಇಲ್ಲಿಯೇ. ಎಲ್ಲರೆದುರು ‘ದಾರಿ ಕೊಡುವುದಿಲ್ಲ’ ಎನ್ನುವ ಅಣ್ಣ ಒಳಗೆ ಬಂದಾಗ ಹೇಳುವುದು ಬೇರೆ: ಗೇಟು ತೆರೆದಿಟ್ಟರೆ ಕರಿಮೆಣಸು ಕಳುವಾಗುತ್ತದೆ, ಲೋಡು ಲಾರಿ ಬಂದರೆ ಮಳೆಗಾಲದಲ್ಲಿ ಕಣದವರೆಗೆ ಕೆಸರು. ಅಂದರೆ ಅವರ ತಕರಾರು ದಾರಿಯ ಮೇಲಲ್ಲ, ಬೀಗ ಮತ್ತು ಚರಂಡಿಯ ಮೇಲೆ. ಎರಡಕ್ಕೂ ಪರಿಹಾರವಿದೆ.

ಲೆಕ್ಕ ಹಾಕಿಸುವುದು ಒಳ್ಳೆಯ ಮಧ್ಯಸ್ಥರ ಇನ್ನೊಂದು ಅಭ್ಯಾಸ. ಮುನ್ನೂರು ಅಡಿ ಉದ್ದದ ದಾರಿ ಹತ್ತಡಿ ಅಗಲ ಇರಬೇಕೋ ಹನ್ನೆರಡೋ ಎಂಬ ಜಗಳ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಆರುನೂರು ಚದರಡಿ, ಅಂದರೆ ಒಂದೂವರೆ ಸೆಂಟಿಗೂ ಕಡಿಮೆ (ಸೆಂಟೆಂದರೆ ಎಕರೆಯ ನೂರನೇ ಒಂದು ಭಾಗ). ಹತ್ತಡಿಗೆ ಹತ್ತಡಿ ಅಂತರದಲ್ಲಿ ನೆಟ್ಟ ರೋಬಸ್ಟಾ ಕಾಫಿ ಆದರೆ ಆರು ಗಿಡ. ಈ ಆರು ಗಿಡದ ಸಂಖ್ಯೆ ಕಾಗದದ ಮೇಲೆ ಬಿದ್ದ ಕೂಡಲೇ ಎರಡೂ ಕಡೆಯ ಧ್ವನಿ ಸ್ವಲ್ಪ ಇಳಿಯುತ್ತದೆ.

ನೀರಿನ ಜಗಳಕ್ಕೂ ಇದೇ ಮದ್ದು. ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟಾಗ ಫೆಬ್ರವರಿ–ಮಾರ್ಚಿನಲ್ಲಿ ರೋಬಸ್ಟಾಗೆ ಸ್ಪ್ರಿಂಕ್ಲರಿನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಹಾಕಬೇಕು, ಅದಾದ ಹದಿನೈದು–ಇಪ್ಪತ್ತು ದಿನಕ್ಕೆ ಮತ್ತೊಂದು ಸಲ. ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಐದು ಎಕರೆಗೆ ಒಂದೂವರೆ ಇಂಚು ಹಾಕಲು ಏಳೂಮುಕ್ಕಾಲು ಲಕ್ಷ ಲೀಟರ್ ಬೇಕು. ಜಂಟಿ ಕೆರೆಯಲ್ಲಿ ಎಷ್ಟಿದೆ ಎಂದು ಅಳೆದ ಮೇಲೆ ‘ನೀನು ಕೆರೆ ಬತ್ತಿಸಿದೆ’ ಎಂಬ ಮಾತು ‘ಈ ವರ್ಷ ಮೊದಲ ಸರದಿ ಯಾರದು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸರದಿಯನ್ನು ವರ್ಷ ಬಿಟ್ಟು ವರ್ಷ ಬದಲಿಸಬಹುದು. ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರುವಾಗುವ ಮೊದಲು ಮಳೆಯೇ ಬಂದುಬಿಟ್ಟರೆ ಏನು ಎನ್ನುವುದನ್ನೂ ಬರೆದಿಡಿ. ಮರೆಯುವುದು ಅದನ್ನೇ.

ಬರವಣಿಗೆಯಲ್ಲಿ ಮುಗ್ಗರಿಸುವವರೇ ಹೆಚ್ಚು. ಸಾಮಾನ್ಯವಾಗಿ ರಾಜಿ ಪತ್ರದಲ್ಲಿ ಇರುವುದು ಇಂಥ ಸಾಲು: ‘ಎರಡನೇ ಪಾರ್ಟಿಯವರು ಹಿಂದಿನಿಂದ ರೂಢಿಯಲ್ಲಿರುವಂತೆ ಓಡಾಡಲು ಒಂದನೇ ಪಾರ್ಟಿಯವರು ಅಡ್ಡಿಪಡಿಸತಕ್ಕದ್ದಲ್ಲ.’ ಕೇಳಲು ಗಂಭೀರವಾಗಿದೆ, ಕೆಲಸಕ್ಕೆ ಬಾರದು. ಓಡಾಡುವುದೆಂದರೆ ಕಾಲ್ನಡಿಗೆಯೋ, ಜೀಪೋ, ಗೊಬ್ಬರದ ಲಾರಿಯೋ? ಹಿಂದಿನಿಂದ ಎಂದರೆ ಅಜ್ಜನ ಎತ್ತಿನಗಾಡಿಯ ಕಾಲವೋ, ಕಳೆದ ವರ್ಷವೋ? ಅದರ ಬದಲು ಹೀಗೆ ಬರೆಯಿರಿ: ಇಂಥ ಸರ್ವೆ ನಂಬರಿನಲ್ಲಿ, ಪಂಚಾಯ್ತಿ ರಸ್ತೆಯ ಗೇಟಿನಿಂದ ಕೆಳಗಿನ ತೋಟದ ಬೇಲಿಯವರೆಗೆ, ಇಷ್ಟು ಅಡಿ ಉದ್ದ, ಉದ್ದಕ್ಕೂ ಹನ್ನೆರಡಡಿ ಅಗಲ, ತಿರುವಿನಲ್ಲಿ ಹದಿನಾರಡಿ. ಜೀಪು, ಟ್ರ್ಯಾಕ್ಟರ್ ವರ್ಷವಿಡೀ. ಲೋಡು ಲಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲ. ಗೇಟಿಗೆ ಒಂದೇ ಬೀಗ, ಎರಡು ಕೀ. ಕೀ ಕಳೆದರೆ ಕಳೆದವರ ಖರ್ಚಿನಲ್ಲಿ ಹೊಸ ಬೀಗ. ಚರಂಡಿ ತೆಗೆಸುವುದು ಮೇ 20ರೊಳಗೆ, ಮೋರಿ ಪೈಪಿನ ಖರ್ಚು ಸಮಪಾಲು. ದಾರಿಯ ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆ ಯಾರು ಕಡಿಯಬೇಕು, ಸೌದೆ ಯಾರಿಗೆ. ತೆಗೆದ ಕಾಫಿ ಗಿಡ ಎಷ್ಟು, ಗಿಡಕ್ಕೆಷ್ಟು ಹಣ, ಯಾವ ತಾರೀಖಿಗೆ. ಜಾಗ ಮಾರಿದರೆ ಕೊಂಡವರಿಗೂ ಇದು ಅನ್ವಯ. ಜೊತೆಗೆ ಅಳತೆಯ ನಕ್ಷೆ, ಅದರ ಮೇಲೂ ಎಲ್ಲರ ಸಹಿ. ತೋಟದ ಗಡಿಯಲ್ಲಿ ಹಳೆಯ ಕಡಂಗ ಹಾದುಹೋಗಿದ್ದರೆ ಅದರ ಯಾವ ದಂಡೆ ಗಡಿ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ. ಆಳೆತ್ತರದ ಆ ಕಂದಕದ ಎರಡು ದಂಡೆಗಳ ನಡುವೆ ಎಷ್ಟೋ ಗಿಡ ಹಿಡಿಸುತ್ತವೆ.

ದಾರಿಯ ವಿಷಯದಲ್ಲಿ ಮಾತು ಮುರಿದರೆ ಏನಾದೀತು ಎಂಬುದೂ ಇಬ್ಬರಿಗೂ ಗೊತ್ತಿರಲಿ. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗದ ಮೇಲಿನ ಬಳಕೆಯ ಹಕ್ಕು) ಕಾಯ್ದೆ ಮೊದಲಿಗೇ ಜಾರಿಯಾದ ಕೆಲವೇ ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಗೆ ಅದು ರಕ್ಷಣೆ ಕೊಡುತ್ತದೆ; ಒಂದೇ ಆಸ್ತಿ ಪಾಲಾಗಿ ಒಂದು ಪಾಲಿಗೆ ಬೇರೆ ದಾರಿಯೇ ಇಲ್ಲದಾದರೆ, ಅಗತ್ಯದ ದಾರಿಯೂ ಉಂಟು. ಇದು ತಿಳಿದವರು ‘ದಾರಿಯೇ ಇಲ್ಲ’ ಎಂದು ಪಟ್ಟು ಹಿಡಿಯುವುದು ಕಡಿಮೆ. ಆದರೆ ಊರಲ್ಲಿ ಮಾತುಕತೆ ನಡೆಯುತ್ತಿದೆ ಎಂದು ದಾವೆ ಹೂಡುವ ಕಾಲಮಿತಿ ನಿಲ್ಲುತ್ತದೆಂದು ನಂಬಿ ಕೂರಬೇಡಿ. ಮೂರು ಬೈಠಕ್ಕಿನಲ್ಲಿ ಆಗದ್ದನ್ನು ವಕೀಲರಿಗೆ ತೋರಿಸಿ.

ಎಲ್ಲ ಜಗಳವೂ ಈ ಚಾಪೆಗೆ ಬರುವಂಥದ್ದಲ್ಲ. ಮನೆಯೊಳಗಿನ ಹೊಡೆತ, ಬೆದರಿಕೆ, ಮಕ್ಕಳ ಮೇಲಿನ ದೌರ್ಜನ್ಯ ಇವನ್ನು ‘ಕೂತು ಮಾತಾಡಿ ಮುಗಿಸೋಣ’ ಎನ್ನುವವರನ್ನು ದೂರವಿಡಿ. ಅಲ್ಲಿ ಬೇಕಾದ್ದು ಪೊಲೀಸು, ವಕೀಲರು.

ಆಸ್ತಿ ಪಾಲಿನ ಮಾತುಕತೆಗೆ ಯಾರು ಬರಬೇಕು? ಪಹಣಿಯಲ್ಲಿ ಹೆಸರಿರುವವರೆಲ್ಲ, ಹೆಸರು ಸೇರದ ವಾರಸುದಾರರೂ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಒಕ್ಕದ ಹತ್ತಾರು ಹೆಸರು ಒಟ್ಟಿಗಿರುವುದುಂಟು, ತೀರಿಕೊಂಡವರ ಹೆಸರು ಹಾಗೇ ಉಳಿದಿರುವುದುಂಟು; ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮೊದಲು, ಪಾಲು ಆಮೇಲೆ. ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ‘ಆಮೇಲೆ ಸಹಿ ಮಾಡಿಸಿಕೊಂಡರಾಯ್ತು’ ಎನ್ನುವ ರಾಜಿ ಅವರ ಮಕ್ಕಳ ಕಾಲಕ್ಕೆ ದಾವೆಯಾಗಿ ಬರುತ್ತದೆ. ಒಪ್ಪಂದ ಬಾಯಿಮಾತಿನಲ್ಲಿ ಮೊದಲೇ ಆಗಿದ್ದು, ಕಾಗದ ಅದರ ನೆನಪೋಲೆ ಮಾತ್ರವಾದರೆ ನೋಂದಣಿ ಕಡ್ಡಾಯವಲ್ಲ. ಕಾಗದವೇ ಹಕ್ಕನ್ನು ಕೊಡುವಂತಿದ್ದರೆ ಉಪನೋಂದಣಿ ಕಚೇರಿಗೆ ಹೋಗಲೇಬೇಕು. ಈ ಎರಡರ ಗೆರೆ ತೆಳು. ಖರ್ಚು ನೋಡದೆ ನೋಂದಾಯಿಸಿಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ.

ನಮ್ಮಂಥ ಹೊರದೇಶದವರಿಗೆ ಇನ್ನೊಂದು ಕೊಕ್ಕೆಯಿದೆ. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನವರು ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ; ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಮಾರಿದರೆ ಭಾರತದಲ್ಲಿ ನೆಲೆಸಿದ ಭಾರತೀಯ ಪ್ರಜೆಗೇ ಮಾರಬೇಕು. ಅಣ್ಣ ಪ್ರೀತಿಯಿಂದ ‘ನನ್ನ ಎರಡು ಎಕರೆಯೂ ತಂಗಿಗಿರಲಿ’ ಎಂದು ದಾನಪತ್ರಕ್ಕೆ ಸಿದ್ಧನಾದರೂ ತಂಗಿ ಪೌರತ್ವ ಬದಲಿಸಿದ್ದರೆ ಅದು ನಡೆಯದು. ಒಪ್ಪಂದದ ಕರಡನ್ನು ಸಹಿಗೆ ಮೊದಲೇ ವಕೀಲರು ನೋಡಬೇಕು ಎನ್ನುವುದು ಇದಕ್ಕೇ.

ಖುದ್ದು ಹೋಗಲಾಗದವರು ವಿಡಿಯೋದಲ್ಲಿ ಕೂರಬಹುದು. ಊರಿನ ಸಂಜೆ ಏಳು ಎಂದರೆ ದುಬೈಯಲ್ಲಿ ಐದೂವರೆ, ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಎಂಟೂವರೆ. ಬೆಳಗಿನ ಬೈಠಕ್ಕಿನ ನಿಯಮ ಇಲ್ಲಿ ಸಡಿಲಿಸದೆ ವಿಧಿಯಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವುದಿಲ್ಲ, ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದಕ್ಷರವೂ ಹಾಕುವುದಿಲ್ಲ ಎಂದು ಮೊದಲೇ ಮಾತು ತೆಗೆದುಕೊಳ್ಳಿ. ಸಹಿಗೆ ಬೇರೆಯವರನ್ನು ನೇಮಿಸುವುದಾದರೆ ಎಲ್ಲ ಅಧಿಕಾರ ಕೊಡುವ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬೇಡ. ಈ ಸರ್ವೆ ನಂಬರು, ಈ ಕೆಲಸ ಎಂದು ಬರೆದ ಸ್ಪೆಷಲ್ ಪವರ್ ಆಫ್ ಅಟಾರ್ನಿ ಸಾಕು. ಭಾರತದ ಕಾನ್ಸುಲೇಟಿನಲ್ಲಿ, ಇಲ್ಲವೇ ನೋಟರಿಯ ಮುಂದೆ ಸಹಿ ಮಾಡಿ ಅಪೊಸ್ಟೀಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಹಾಕಿಸಿ. ಮೂಲ ಪ್ರತಿ ಊರು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಈ ಡಿಸೆಂಬರಿಗೆ ಕೂರುವ ಯೋಚನೆಯಿದ್ದರೆ ಅಳತೆಯ ಅರ್ಜಿ ಅಕ್ಟೋಬರಿನಲ್ಲೇ ಹೋಗಲಿ, ಎರಡೂ ಕಡೆಯ ಸಹಿಯೊಂದಿಗೆ. ಮಳೆ ನಿಂತು ಕಾಡು ಕಡಿದ ಮೇಲೆ ಸರ್ವೆಯವರಿಗೆ ಗಡಿಕಲ್ಲು ಕಾಣುತ್ತದೆ. ಜನವರಿ ಬಂತೆಂದರೆ ರೋಬಸ್ಟಾ ಕುಯ್ಲು, ಯಾರಿಗೂ ಪುರುಸೊತ್ತಿರುವುದಿಲ್ಲ.