ಮಗಳಿಗೊಂದು ಪತ್ರ: ಕೇಸಿಗೆ ಪುಣೆಗೆ ಹೋಗಬೇಕಾಗಿಲ್ಲ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಡೈವೋರ್ಸ್ ಅರ್ಜಿ ಹಾಕಲು ನೀನು ಪುಣೆಗೆ ಹೋಗಬೇಕಾಗಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಓದು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

‘ಸಂಸಾರ ಮಾಡಿದ್ದು ಇಲ್ಲಿ, ಕೋರ್ಟಿಗೂ ಇಲ್ಲಿಗೇ ಬಾ’ ಅಂತ ನಿನ್ನ ಗಂಡ ಅಂದದ್ದನ್ನು ನೀನು ನಂಬಿಬಿಟ್ಟಿದ್ದೀಯ. ಅಪ್ಪಯ್ಯ ಶಿವಮೊಗ್ಗಕ್ಕೆ ಹೋಗಿ ಲಾಯರನ್ನು ಕೇಳಿ, ಅಡಿಕೆ ಮಂಡಿಯ ಚೀಟಿಯ ಹಿಂದೆ ಎಲ್ಲ ಬರೆದುಕೊಂಡು ಬಂದಿದ್ದಾರೆ. ಅವರ ಅಕ್ಷರ ಗೊತ್ತಲ್ಲ, ಓದುವಷ್ಟರಲ್ಲಿ ಸಾಕಾಯಿತು.

ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಲ್ಲಿ ಹಾಕಬಹುದು. ಕೊನೆಗೆ ಇಬ್ಬರೂ ಒಟ್ಟಿಗಿದ್ದ ಕಡೆ, ಇಲ್ಲವೇ ಗಂಡ ಈಗಿರುವ ಕಡೆಯೂ ಆಗುತ್ತದೆ. ಹೆಂಡತಿಯೇ ಹಾಕುವುದಾದರೆ ಅವಳು ಈಗ ವಾಸವಿರುವ ಊರೂ ನಡೆಯುತ್ತದೆ. ಈ ಕೊನೆಯದನ್ನು ಸೇರಿಸಿದ್ದೇ 2003ರಲ್ಲಂತೆ. ಅದಕ್ಕೂ ಮುಂಚೆ ಹೆಣ್ಣುಮಕ್ಕಳು ಎಷ್ಟು ಅಲೆದರೋ! ನಿನಗೆ ಈಗಿರುವ ಬೆಂಗಳೂರೂ ಇದೆ, ಶಿವಮೊಗ್ಗವೂ ಇದೆ. ಮದುವೆ ಆಗಿದ್ದು ಅಲ್ಲಿನ ಛತ್ರದಲ್ಲೇ ಅಲ್ವಾ?

ಅಪ್ಪಯ್ಯನಿಗೆ ಶಿವಮೊಗ್ಗವೇ ಆಗಬೇಕು, ತಾವೂ ಜೊತೆಗೆ ಬರಬಹುದು ಅಂತ. ನನಗೆ ಬೆಂಗಳೂರೇ ಸರಿ ಕಾಣುತ್ತದೆ. ವಾಯಿದೆ ಬಿದ್ದಾಗಲೆಲ್ಲ ರಜ ಹಾಕಿ ರಾತ್ರಿ ಬಸ್ಸು ಹತ್ತುತ್ತಾ ಇದ್ದರೆ ಕೆಲಸದ ಗತಿ ಏನು? ಆದರೆ ಊರಿನವರ ಬಾಯಿಗೆ ಹೆದರಿ ಮಾತ್ರ ಶಿವಮೊಗ್ಗ ಬೇಡ ಅನ್ನಬೇಡ. ಇಂಥ ಕೇಸನ್ನು ಹೊರಗಿನವರನ್ನು ಬಿಡದೆ ನಡೆಸುತ್ತಾರೆ, ಪೇಪರಿನಲ್ಲೂ ಹಾಕುವಂತಿಲ್ಲ. ಮಾತಾಡುವವರು ಹೇಗೂ ಮಾತಾಡುತ್ತಾರೆ. ಕಳೆದ ವಾರ ಒಂದು ಗೃಹಪ್ರವೇಶದಲ್ಲಿ ನನ್ನನ್ನು ಕೇಳಿಯೇಬಿಟ್ಟರು. ನಾನು ಪಾಯಸ ಬಡಿಸಿಕೊಂಡು ಸುಮ್ನೆ ಊಟ ಮಾಡಿದೆ.

ತಡ ಮಾಡಬೇಡ. ಅವರೇ ಮೊದಲು ಪುಣೆಯಲ್ಲಿ ಡೈವೋರ್ಸಿಗೆ ಹಾಕಿದರೆ, ಆಮೇಲೆ ನೀನು ಇಲ್ಲಿ ಹಾಕಿದ ಅರ್ಜಿಯೂ ಅಲ್ಲಿಗೇ ವರ್ಗವಾಗುವ ನಿಯಮ ಇದೆ. ಅವರ ಕೇಸನ್ನು ಈ ರಾಜ್ಯಕ್ಕೆ ತರಿಸಬೇಕೆಂದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ಹೆಂಡತಿಯ ತೊಂದರೆ ನೋಡಿ ಎಷ್ಟೋ ಸಲ ವರ್ಗ ಮಾಡಿಕೊಡುತ್ತಾರೆ, ನಿಜ. ಆದರೂ ದಿಲ್ಲಿಯಲ್ಲೊಬ್ಬ ಲಾಯರ್ ಹಿಡಿಯುವ ರಗಳೆ ಯಾರಿಗೆ ಬೇಕು?

ಅವರು ಒಪ್ಪಿದರೆ ಇಬ್ಬರೂ ಸೇರಿ ಹಾಕುವುದೇ ಸುಲಭ. ಒಂದು ವರ್ಷ ಬೇರೆ ಇದ್ದಿರಬೇಕು, ಅದು ಆಗಿಹೋಗಿದೆ. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ರಾಜಿಯಾಗುವ ದಾರಿಯೇ ಇಲ್ಲ ಅನಿಸಿದರೆ ಕೋರ್ಟು ಅದನ್ನೂ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬೇಗ ಮುಗಿಯಲಿ ಅಂತ ಒಡವೆ ಬಿಟ್ಟುಕೊಡಬೇಡ. ಅಜ್ಜಿಯ ಅವಲಕ್ಕಿ ಸರ ಇನ್ನೂ ಅಲ್ಲೇ ಇದೆ. ಅದು ವಾಪಸ್ ಬರಬೇಕು ಅಂತ ಅರ್ಜಿಯಲ್ಲೇ ಬರೆಸು.

ದುಡ್ಡಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಇದನ್ನು ಹೇಳಿದರೆ ಅಪ್ಪಯ್ಯನಿಗೆ ಸಿಟ್ಟು, ‘ಅಡಿಕೆ ದುಡ್ಡು ಇರೋದು ಯಾತಕ್ಕೆ?’ ಅಂತಾರೆ. ನೀನೇ ನೋಡಿಕೋ.

ಲಗ್ನಪತ್ರಿಕೆ, ಮದುವೆ ಫೋಟೋ ನನ್ನ ಹತ್ತಿರ ಇವೆ. ನೀನು ಈಗಿನ ಮನೆಯ ಬಾಡಿಗೆ ಕರಾರು ತೆಗೆದಿಡು, ಅಲ್ಲಿ ಇದ್ದೀಯ ಅನ್ನಲು ಅದು ಬೇಕಾಗುತ್ತದೆ. ತೋಟಕ್ಕೆ ಔಷಧಿ ಹೊಡೆಯುವವರು ಈ ವಾರ ಬರುತ್ತಾರೆ. ಅದು ಮುಗಿದ ಕೂಡಲೇ ನಾನೇ ಎಲ್ಲ ತೆಗೆದುಕೊಂಡು ಬರುತ್ತೇನೆ. ಲಾಯರ್ ಹತ್ತಿರ ಯಾವ ದಿನ ಹೋಗುವುದು ಅಂತ ಫೋನ್ ಮಾಡು.

ನಿನ್ನ ಅಮ್ಮ